ಎಂಟು ಪ್ಲಮ್ ಸಸಿಗಳು

ಮುಂಬೈ ಪಕ್ಕದ ಠಾಣೆ ಊರಿನಲ್ಲಿ ಪ್ಲಮ್ ಮರವಿಲ್ಲ, ಪೀಚ್ ಮರವೂ ಇಲ್ಲ. ಆ ಕಾರಣಕ್ಕೇ ಅವುಗಳ ರೋಗವನ್ನು ಸಾಕುವ ಕೆಲಸ ನಮ್ಮ ಪ್ರಯೋಗಾಲಯಕ್ಕೆ ಸಿಕ್ಕಿತ್ತು. ವಾಗ್ಳೆ ಎಸ್ಟೇಟ್ ಕೈಗಾರಿಕಾ ಪ್ರದೇಶದ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ, ಬೆಟ್ಟದ ಚಳಿಯನ್ನು ಎಸಿಯಿಂದ ತರಿಸಿಕೊಂಡು, ನಾವು ಬೇಕೆಂದೇ ಸಸಿಗಳಿಗೆ ವೈರಸ್ ಹತ್ತಿಸುತ್ತಿದ್ದೆವು. ಅದು ತಪ್ಪಿಸಿಕೊಂಡು ಹೊರಗೆ ಹೋದರೂ ಹಿಡಿಯಲು ಸುತ್ತಮುತ್ತ ಒಂದು ಮರವೂ ಸಿಗುತ್ತಿರಲಿಲ್ಲ. ಠಾಕುರ್ಲಿಯಿಂದ ಲೋಕಲ್ ರೈಲಿನಲ್ಲಿ ಹಿಂಡಿಸಿಕೊಂಡು ಬರುತ್ತಿದ್ದ ನನಗೆ ಅಲ್ಲಿ ಸ್ವೆಟರ್ ಹಾಕಿಕೊಂಡು ಕೂರುವುದೇ ಒಂದು ಸುಖವಾಗಿತ್ತು.

ರೋಗ ಮಾತ್ರ ಬಲು ಕೆಟ್ಟದ್ದು. ಎಲೆಯ ಮೇಲೆ ಮಾಸಲು ಹಳದಿ ಬಳೆಗಳು ಮೂಡುತ್ತವೆ, ಹಣ್ಣು ಬಲಿಯುವ ಮೊದಲೇ ಸೊಟ್ಟಗಾಗಿ ಉದುರುತ್ತದೆ. ಮದ್ದಿಲ್ಲ, ಮರ ಕಡಿಯುವುದೊಂದೇ ದಾರಿ. ಉತ್ತರದ ಬೆಟ್ಟದವರೊಬ್ಬರು, ನಿವೃತ್ತಿಯ ಅಂಚಿನಲ್ಲಿದ್ದ ವಿಜ್ಞಾನಿ, ಹದಿನೆಂಟು ವರ್ಷಗಳಿಂದ ಕಾಡುಪ್ಲಮ್ಮಿನ ಪರಾಗವನ್ನು ತೋಟದ ಪ್ಲಮ್ಮಿಗೆ ಸೇರಿಸುತ್ತ, ಈ ರೋಗಕ್ಕೆ ಜಗ್ಗದ ಗಿಡವೊಂದನ್ನು ಹುಡುಕುತ್ತಿದ್ದರು. ಅವರ ಕೊನೆಯ ನಲವತ್ತು ಸಸಿಗಳು ಪರೀಕ್ಷೆಗೆಂದು ನಮ್ಮಲ್ಲಿಗೆ ಬಂದವು. ಪರೀಕ್ಷೆ ಸರಳ. ರೋಗದ ಮರದ ಕಡ್ಡಿಯಿಂದ ಒಂದು ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಕೆತ್ತಿ ಸಸಿಯ ತೊಗಟೆಯೊಳಗೆ ಕೂರಿಸಿ ಟೇಪು ಸುತ್ತುವುದು. ಆ ಕಣ್ಣು ಕೆಲವು ವಾರ ಜೀವ ಹಿಡಿದಿದ್ದರೆ ರೋಗ ಸಸಿಗೆ ಇಳಿಯುತ್ತದೆ. ಇಳಿದರೂ ಬಳೆ ಮೂಡದ ಸಸಿ ಯಾವುದೋ, ಅದೇ ಬೇಕಾದ ಸಸಿ.

ಕಣ್ಣು ಕೂರಿಸುತ್ತಿದ್ದವರು ವಿಜಯಪುರದ ಕಡೆಯ ಒಬ್ಬ ಸಹಾಯಕಿ, ನಮಗೆಲ್ಲ ಅಕ್ಕ. ಗಂಡ ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಹಮಾಲ. ಅಕ್ಕನ ಕೈಗೆ ನಮ್ಮ ಡಿಗ್ರಿಗಳೆಲ್ಲ ಸಾಟಿಯಿರಲಿಲ್ಲ. ಪುಸ್ತಕ ಓದಿದ ನಾನು ಕೆತ್ತಿದರೆ ಮೂರಕ್ಕೆ ಒಂದು ಕಣ್ಣು ಸತ್ತಿರುತ್ತಿತ್ತು.

ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ ಮೂವತ್ತೆರಡು ಸಸಿಗಳ ಕೆಲಸ ಮುಗಿದು ಎಂಟು ಉಳಿದಿದ್ದವು. ನಾನು ಊಟ ಮಾಡಿ ಬರುವಷ್ಟರಲ್ಲಿ ಅಕ್ಕ ಎಸಿಯಿಲ್ಲದ ಹೊರಗಿನ ಹಾಲ್‌ನಲ್ಲಿ ಮೇಜು ಒರೆಸಿ, ಚಾಕುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಕತ್ತರಿ, ಟೇಪು, ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ರೋಗದ ಕಡ್ಡಿಗಳ ಕಟ್ಟನ್ನೂ ಇಟ್ಟು, ಚೆಂಡುಹೂ ಏರಿಸಿ ದೀಪ ಹಚ್ಚಿಬಿಟ್ಟಿದ್ದರು.

“ಅಕ್ಕಾ, ಕಡ್ಡಿ ಫ್ರಿಜ್ಜಲ್ಲಿ ಇರ್ಬೇಕಲ್ವಾ?” ಎಂದೆ.

“ಪೂಜಿಗೆ ಇಟ್ಟದ್ದು ಹ್ಯಾಂಗ ಎಬ್ಬಸೂದ್ರಿ ಮೇಡಮ್? ನಾಳೆ ದಸರಾ ಸೂಟಿ. ನಾಡದ ಬಂದ ಕೂಡ್ಲೆ ಕಟ್ಟಿಬಿಡ್ತೀನಿ.”

ಎತ್ತಿ ಫ್ರಿಜ್ಜಿಗೆ ಹಾಕಲು ನನಗೆ ಒಂದು ನಿಮಿಷ ಸಾಕಿತ್ತು. ಆದರೆ ನಾನು ಡೊಂಬಿವಲಿಯ ಉಡುಪಿ ಹೋಟೆಲಿನವರ ಮಗಳು. ಪೂಜೆಯಾದ ಮೇಲೆ ಅಪ್ಪ ಗ್ರೈಂಡರಿನ ಸ್ವಿಚ್ಚು ಮುಟ್ಟಲೂ ಬಿಡುತ್ತಿರಲಿಲ್ಲ, ಹಿಟ್ಟೆಲ್ಲ ಮುಂಚೆಯೇ ರುಬ್ಬಿಡಬೇಕು. ಕೈ ಮುಂದೆ ಹೋಗಲಿಲ್ಲ. ಕೈ ಮುಗಿದು ಪ್ರಸಾದ ತಿಂದು ಮನೆಗೆ ಹೋದೆ. ಅಕ್ಟೋಬರ್ ಸೆಕೆಯಲ್ಲಿ ಆ ಕಟ್ಟು ಎರಡು ರಾತ್ರಿ ದೀಪದ ಪಕ್ಕದಲ್ಲೇ ಇತ್ತು.

ರಜೆ ಕಳೆದು ಬಂದಾಗ ಬಟ್ಟೆ ಒಣಗಿ ಗರಿಗರಿಯಾಗಿತ್ತು. ಅಕ್ಕ ಎಂಟು ಸಸಿಗಳಿಗೂ ಆ ಕಣ್ಣುಗಳನ್ನೇ ಕಟ್ಟಿದರು. ರಿಜಿಸ್ಟರಿನಲ್ಲಿ “ಕಣ್ಣು ತಾಜಾ ಇತ್ತೇ” ಎಂಬ ಕಾಲಮ್ಮಿಗೆ ನಾನು ನಲವತ್ತಕ್ಕೂ ಒಂದೇ ಉಸಿರಿನಲ್ಲಿ ಹೌದು ಎಂದು ಬರೆದೆ.

ಎರಡು ತಿಂಗಳಲ್ಲಿ ಮೂವತ್ತೆರಡು ಸಸಿಗಳಿಗೂ ಬಳೆ ಮೂಡಿತು. ಆ ಎಂಟರ ಎಲೆ ಮಾತ್ರ ಹಸಿರಾಗಿ ಹೊಳೆಯುತ್ತಿತ್ತು. ಟೇಪು ಬಿಚ್ಚಿದರೆ ಒಳಗೆ ಕಣ್ಣು ಕಪ್ಪಾಗಿ ಸತ್ತಿತ್ತು. ಸುದ್ದಿ ಕೇಳಿ ಆ ವಿಜ್ಞಾನಿ, ನಮ್ಮೆಲ್ಲರ ಸರ್, ಬೆಟ್ಟದಿಂದ ಓಡಿ ಬಂದರು. ಭೂತಗನ್ನಡಿ ಹಿಡಿದು ಆ ಕಪ್ಪನ್ನು ಬಹಳ ಹೊತ್ತು ನೋಡಿದರು.

“ದೇಖೋ ಬೇಟಾ, ಪೇಡ್ ನೇ ಖುದ್ ಮಾರ್ ದಿಯಾ.” ಗಿಡವೇ ಕೊಂದಿದೆ, ಎಂದರು. ಕೆಲವು ಗಿಡಗಳು ರೋಗ ಹೊಕ್ಕ ಜಾಗವನ್ನು ತಾವೇ ಸಾಯಿಸಿ ಅದು ಮುಂದೆ ಹೋಗದಂತೆ ಮಾಡುತ್ತವೆ. ಹದಿನೆಂಟು ವರ್ಷ ಅವರು ಹುಡುಕಿದ್ದು ಅದನ್ನೇ. ಅವರ ಕಣ್ಣು ತುಂಬಿತ್ತು. ಗಿಡ ಕೊಂದದ್ದೋ, ನಾವು ದೀಪದ ಮುಂದಿಟ್ಟು ಒಣಗಿಸಿದ್ದೋ? ಸತ್ತ ಕಣ್ಣಿನಿಂದ ರೋಗ ಇಳಿಯುವುದಿಲ್ಲ. ಅದು ನನಗೆ ಆಗಲೇ ಹೊಳೆಯಿತು, ಆದರೂ ಬಾಯಿ ಬಿಡಲಿಲ್ಲ.

ಬೆಟ್ಟದಲ್ಲಿ ಒಬ್ಬ ತೋಟಗಾರ ರೋಗದ ಮರಗಳನ್ನೆಲ್ಲ ಕಡಿಸಿ ಗುಂಡಿ ತೆಗೆದು, ಈ ಎಂಟರಿಂದ ಕಸಿ ಮಾಡಿ ತೋಟ ಎಬ್ಬಿಸಲು ಕಾಯುತ್ತಿದ್ದ. ಚಳಿಗಾಲದಲ್ಲೇ ನೆಡಬೇಕು, ಹತ್ತು ದಿನದಲ್ಲಿ ಟೆಂಪೋ ಬರುತ್ತದೆ ಎಂದು ಸರ್ ಹೇಳಿ ಹೋದರು. ಅಕ್ಕ ಎಲ್ಲರಿಗೂ ಪೇಡಾ ಹಂಚಿದರು.

“ನಮ್ಮ ಪೂಜಿ ಸುಳ್ಳ ಆಗ್ಲಿಲ್ಲ ನೋಡ್ರಿ,” ಎಂದರು. ನನ್ನ ಪಾಲಿನ ಪೇಡಾವನ್ನು ಊಟದ ಡಬ್ಬಿಯೊಳಗೆ ಹಾಕಿಟ್ಟುಕೊಂಡೆ.

ದಿನಾ ಬೆಳಿಗ್ಗೆ ಲೋಕಲ್‌ನಲ್ಲಿ ನಿಂತು ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಕೆಲಸ ಹೋಗುವ ಭಯವಿತ್ತು, ಅಕ್ಕನ ತಲೆಗೆ ಬರುವ ಭಯವೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಆ ಮುದುಕರ ಮುಖದ ಭಯ. ಒಂಬತ್ತನೆಯ ದಿನ ಫೋನ್ ಮಾಡಿದೆ.

“ಸರ್, ಆ ಎಂಟಕ್ಕೆ ಕಟ್ಟಿದ ಕಣ್ಣು ಮೊದಲೇ ಒಣಗಿತ್ತು. ಎರಡು ದಿನ ಹೊರಗಿತ್ತು. ಎತ್ತಿಡದೆ ಬಿಟ್ಟವಳು ನಾನೇ,” ಎಂದು ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ಹಾಗಾದರೆ ಟೆಂಪೋ ಬೇಡವೆನ್ನುತ್ತೇನೆ, ಎಂದರು ಸರ್.

ಅವರೇ ತಾಜಾ ಕಡ್ಡಿ ತಂದು, ಅಕ್ಕನ ಕೈಯಲ್ಲೇ ಮತ್ತೆ ಕಟ್ಟಿಸಿದರು. ಐದನೆಯ ವಾರ ಮೊದಲ ಬಳೆ ಕಾಣಿಸಿತು. ಏಳನೆಯ ವಾರದ ಹೊತ್ತಿಗೆ ಎಂಟಕ್ಕೂ ಬಂದಿತ್ತು.

ರೋಗದ ಗಿಡವನ್ನು ಹಬೆಯಲ್ಲಿ ಬೇಯಿಸಿಯೇ ಹೊರಗೆಸೆಯಬೇಕು. ಸರ್ ಯಾರನ್ನೂ ಹತ್ತಿರ ಬಿಡದೆ ಒಂದೊಂದೇ ಸಸಿಯನ್ನು ಬೇರು ಸಮೇತ ಕಿತ್ತು ಚೀಲಕ್ಕೆ ಹಾಕಿದರು. ಕೈ ತೊಳೆದುಕೊಂಡು ನನ್ನ ತಲೆಯ ಮೇಲೆ ಕೈಯಿಟ್ಟರು.

“ಇವು ಬೆಟ್ಟಕ್ಕೆ ಹೋಗಿದ್ದರೆ, ಅಲ್ಲಿನ ರೋಗ ಹಿಡಿದು ಆ ತೋಟ ಎರಡನೇ ಸಲ ಸಾಯುತ್ತಿತ್ತು. ನಿನಗೆ ಗೊತ್ತಾದ ಕೂಡಲೇ ಹೇಳಿದೆಯಲ್ಲ ಬೇಟಾ, ಅದು ದೊಡ್ಡದು,” ಎಂದರು.

ನಾನು ಹೌದೆಂಬಂತೆ ತಲೆಯಾಡಿಸಿದೆ. ಟೆಂಪೋ ಎಂಟನೆಯ ದಿನವೇ ಬಂದಿದ್ದರೆ ನಾನೇ ನಿಂತು ಅವನ್ನು ತುಂಬಿಸಿ ಕಳಿಸುತ್ತಿದ್ದೆ.