ಹೆಲ್ಮೆಟ್ಟಿನೊಳಗಿನ ಸಿಂಬೆ

ಹೆಲ್ಮೆಟ್ ಹಾಕಿಕೊಂಡ ತಕ್ಷಣ ನಾನು ಮೋಡಗಳ ನಡುವೆ ಹಾರುತ್ತಿದ್ದೆ. ಅಷ್ಟು ಭಾರದ ಯಂತ್ರ ತಲೆಯ ಮೇಲಿದ್ದರೂ ಕತ್ತು ನೋಯಲಿಲ್ಲ. ಬಸವೇಶ್ವರನಗರದ ಗ್ಯಾರೇಜೊಂದರಲ್ಲಿ ವರ್ಚುವಲ್ ರಿಯಾಲಿಟಿ ಆಟ ತಯಾರಿಸುತ್ತಿದ್ದ ಆ ಪುಟ್ಟ ಕಂಪನಿಗೆ ಪೇಟೆಂಟ್ ಬರುತ್ತದೆಂದು ಕೇಳಿ, ಸ್ವಯಂನಿವೃತ್ತಿಯಿಂದ ಬಂದ ಹಣದಲ್ಲಿ ಸ್ವಲ್ಪ ಹಾಕಲು ಹೋಗಿದ್ದೆ.

“ಒಳಗಡೆ ಬಟ್ಟೆ ಸಿಂಬೆ ಇದೆ ಸಾರ್, ನೀರಿನ ಕೊಡದ ಕೆಳಗೆ ಇಟ್ಕೊಳ್ತಾರಲ್ಲ, ಅದೇ. ಪೇಟೆಂಟ್ ಕೇಳ್ತಾ ಇರೋದು ಅದಕ್ಕೇ,” ಎಂದು ಮಾಲೀಕ ಶಶಿಧರ ಅರ್ಜಿ ತೋರಿಸಿದ. ಸಂಶೋಧಕರ ಜಾಗದಲ್ಲಿ ಅವನ ಹೆಸರಿಗಿಂತ ಮೇಲೆ ಗಂಗವ್ವ ಎಂದಿತ್ತು. ಅಲ್ಲೇ ಕಸ ಗುಡಿಸುತ್ತಿದ್ದ ಬಾಗಲಕೋಟೆಯ ಹೆಂಗಸು. ಹೆಲ್ಮೆಟ್ ಭಾರವೆಂದು ಎಲ್ಲರೂ ಗೊಣಗುವುದನ್ನು ಕೇಳಿ, ಟವೆಲ್ ಸುತ್ತಿ ಮೊದಲ ಸಿಂಬೆ ಇಟ್ಟವಳು ಅವಳೇ.

ಗಂಗವ್ವ ಪೊರಕೆ ಕೆಳಗಿಟ್ಟಳು. “ನನ್ನ ಹೆಸರು ತಗೀರಿ ಸರ. ಸಿಂಬಿ ನಮ್ಮವ್ವ ಕಲಿಸಿದ್ದು, ಆಕಿಗೆ ಅವರವ್ವ ಕಲಿಸಿದ್ದು. ನಂದಂತ ಹೆಂಗ ಬರಸ್ಲಿರೀ?”

“ಹಾಗಾದ್ರೆ ಅದು ನಂದೂ ಅಲ್ಲ,” ಎಂದ ಶಶಿಧರ. ಆಮೇಲೆ, ಹಣ ಹಾಕಲು ಬಂದ ನನ್ನೆದುರೇ, ಇಡೀ ಅರ್ಜಿಗೆ ಅಡ್ಡಗೆರೆ ಎಳೆದ. ನಾನು ಚೆಕ್ಕಿಗೆ ಸಹಿ ಹಾಕಿದೆ.

ಕಂಪನಿ ಎರಡು ವರ್ಷವೂ ಬಾಳಲಿಲ್ಲ, ಹಣವೂ ಬರಲಿಲ್ಲ. ಏನು ನೋಡಿ ಕೊಟ್ಟಿರಿ ಎಂದು ಮನೆಯವಳು ಈಗಲೂ ಕೇಳುತ್ತಾಳೆ. ಆ ಅಡ್ಡಗೆರೆ ನೋಡಿ ಕೊಟ್ಟೆ.