ಪೊರ್ಬುಗಳು ಉದ್ದ ಮಾಡಿದ ಪ್ರಾರ್ಥನೆ

ಕಳೆದ ವಾರ ಘಣಸೋಲಿಯ ನಮ್ಮ ಸೆಕ್ಟರಿನಲ್ಲಿ ಸಂಜೆ ಕರೆಂಟು ಹೋಯಿತು. ಇನ್ವರ್ಟರೂ ಕೈಕೊಟ್ಟಿತ್ತು. ಅಡುಗೆಮನೆಯಲ್ಲಿ ತಡಕಾಡಿ ಒಂದು ಮೇಣದಬತ್ತಿ ಹಚ್ಚಿದೆ. ಹತ್ತು ನಿಮಿಷಕ್ಕೆ ಕರೆಂಟು ಬಂತು. ಮಗಳು ಉಫ್ ಎಂದು ಬತ್ತಿ ಆರಿಸಿ ಟೀವಿಯತ್ತ ಓಡಿದಳು. ಹೊಗೆಯ ವಾಸನೆ ಮಾತ್ರ ಅಲ್ಲೇ ಉಳಿಯಿತು... ಆ ವಾಸನೆಗೆ ನನ್ನ ಮಟ್ಟಿಗೆ ಒಂದೇ ಅರ್ಥ. ಎದುರುಮನೆಯ ಪೊರ್ಬುಗಳ ಪ್ರಾರ್ಥನೆ ಮುಗಿಯಿತು, ಇನ್ನು ನಾನು ಊಟಕ್ಕೆ ಮನೆಗೆ ಹೋಗಬೇಕು.

ಎರಡು ಸಾವಿರದ ಐದು-ಆರರ ಸುಮಾರಿಗೆ ನಾವು ಡೊಂಬಿವಲಿಯ ಒಂದು ಹಳೆಯ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿದ್ದೆವು. ಎದುರು ಬಾಗಿಲು ಮಂಗಳೂರಿನ ಕಡೆಯ ಒಂದು ಕ್ರೈಸ್ತ ಕುಟುಂಬದ್ದು. ಕ್ರೈಸ್ತ ಗಂಡಸರನ್ನು ಪೊರ್ಬುಗಳು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ನಮ್ಮ ಉಡುಪಿ ಕಡೆಯ ರೂಢಿ. ಮುಂಬಯಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಅಮ್ಮ ಅದನ್ನು ಬಿಟ್ಟಿರಲಿಲ್ಲ. ನಾನು ಎದುರಿಗೆ ಅಂಕಲ್ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಅವರು ಪೊರ್ಬುಗಳೇ.

ಅವರು ಬಣ್ಣ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದರು. ಮಾತು ಕಡಿಮೆ, ಶಿಸ್ತು ವಿಪರೀತ. ಸಂಜೆ ಏಳೂವರೆಗೆ ಮನೆಯವರೆಲ್ಲ ದೇವರ ಪೀಠದ ಮುಂದೆ ಮೇಣದಬತ್ತಿ ಹಚ್ಚಿ, ಮೊಣಕಾಲೂರಿ ತೇರ್ಸ್ ಹೇಳಬೇಕು. ತೇರ್ಸ್ ಎಂದರೆ ಅವರ ಜಪಮಾಲೆಯ ಪ್ರಾರ್ಥನೆ. ಹತ್ತು ಸಲ ‘ನಮಾನ್ ಮರಿಯೆ’, ಅಂಥ ಐದು ಸುತ್ತು. ಪೊರ್ಬುಗಳ ತೇರ್ಸ್ ಒಂದು ದಿನವೂ ಇಪ್ಪತ್ತೈದು ನಿಮಿಷ ದಾಟಿದ್ದಿಲ್ಲ. ಅಮ್ಮ ಅದು ಮುಗಿದದ್ದನ್ನು ಕೇಳಿಯೇ ಕುಕ್ಕರಿನ ಗ್ಯಾಸು ಆರಿಸುತ್ತಿದ್ದಳು.

ಆಗ ಎಂಟನೇ ಕ್ಲಾಸಿನಲ್ಲಿದ್ದ ನನಗೆ ಪರರ ಮನೆಯ ಸಂಗತಿಗಳಲ್ಲಿ ವಿಪರೀತ ಆಸಕ್ತಿ. ಪುಸ್ತಕ ಹಿಡಿದು ಅವರ ಸೋಫಾದ ತುದಿಯಲ್ಲಿ ಕೂತು ಓದುವ ನಟನೆ ಮಾಡುತ್ತಿದ್ದೆ. ನಾನು ಕಾಯುತ್ತಿದ್ದುದು ತೇರ್ಸ್ ಮುಗಿದ ಮೇಲಿನ ಒಂದು ನಿಮಿಷಕ್ಕೆ. ಮಕ್ಕಳಿಬ್ಬರೂ, ಎಂದರೆ ನೌಕರಿಗೆ ಹೋಗುತ್ತಿದ್ದ ಅಕ್ಕ ಮತ್ತು ಅವಳ ತಮ್ಮ, ತಂದೆತಾಯಿಯ ಮುಂದೆ ಕೈಜೋಡಿಸಿ ‘ಬೆಸಾಂವ್ ದೀ’ ಎನ್ನುತ್ತಿದ್ದರು. ಆಶೀರ್ವಾದ ಕೊಡಿ ಎಂದು. ಹಿರಿಯರು ತಲೆಯ ಮೇಲೆ ಕೈಯಿಟ್ಟು ‘ದೇವ್ ಬರೆಂ ಕರುಂ’, ದೇವರು ಒಳ್ಳೆಯದು ಮಾಡಲಿ, ಎನ್ನುತ್ತಿದ್ದರು. ನಮ್ಮಲ್ಲಿ ಕಾಲಿಗೆ ಬೀಳುವುದು ಹಬ್ಬಕ್ಕೆ, ಪರೀಕ್ಷೆಗೆ. ಇಲ್ಲಿ ದಿನಾ. ಅರ್ಧ ಗಂಟೆಯ ಹಿಂದೆ ಟೀವಿ ರಿಮೋಟಿಗೆ ಕಿತ್ತಾಡಿ ಬೈಸಿಕೊಂಡವರೂ ಬಂದು ತಲೆ ಒಡ್ಡಲೇಬೇಕು.

“ಸಿಟ್ಟು ಇದ್ರೆ ಏನು ಮಾಡ್ತೀರಿ ಅಂಕಲ್?” ಎಂದು ಒಮ್ಮೆ ಕೇಳಿಯೇಬಿಟ್ಟೆ.

“ಸಿಟ್ಟಿದ್ರೆ ಕೈ ಸ್ವಲ್ಪ ಭಾರ ಇರ್ತದೆ. ಕೇಳಿದವರಿಗೆ ಇಲ್ಲ ಅನ್ಲಿಕ್ಕೆ ಇಲ್ಲ,” ಎಂದರು.

ಡಿಸೆಂಬರ್ ಬಂದರೆ ಅವರು ಗೋದಲಿ, ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುತ್ತಿದ್ದರು. ಹುಲ್ಲು ಹಾಸಿ, ಮಣ್ಣಿನ ದನಕುರಿಗಳನ್ನು ನಿಲ್ಲಿಸುವ ಕೆಲಸಕ್ಕೆ ನನ್ನನ್ನೂ ಸೇರಿಸಿಕೊಳ್ಳುತ್ತಿದ್ದರು. ತುಂಬು ಬಸುರಿ ಹೆಂಗಸಿಗೆ ಊರಿನ ವಸತಿಗೃಹದಲ್ಲಿ ಜಾಗ ಸಿಗಲಿಲ್ಲ, ಅದಕ್ಕೇ ಮಗು ಕೊಟ್ಟಿಗೆಯಲ್ಲಿ ಹುಟ್ಟಿತು ಎಂದು ಬಾಯಮ್ಮ ಕಥೆ ಹೇಳಿದಾಗ ನನಗೆ ರೇಗಿತು. ನನ್ನ ಅಪ್ಪ ಕಲ್ಯಾಣದ ಒಂದು ಬೋರ್ಡಿಂಗ್ ಲಾಡ್ಜಿಂಗಿನಲ್ಲಿ ಮ್ಯಾನೇಜರು. ಸೀಜನ್ನಿನಲ್ಲಿ ರೂಮು ಫುಲ್ ಆದರೆ ಮ್ಯಾನೇಜರು ಏನು ಮಾಡಬೇಕು, ಮೊದಲೇ ಬಂದವರನ್ನು ಹೊರಗೆ ಹಾಕಬೇಕೇ ಎಂದು ವಾದಕ್ಕೆ ಇಳಿದೆ.

“ನಿನ್ನ ಅಪ್ಪ ಆದ್ರೆ ಏನು ಮಾಡ್ತಿದ್ರು?” ಪೊರ್ಬುಗಳು ತಲೆಯೆತ್ತದೆ ಕೇಳಿದರು.

“ಸ್ಟೋರ್‌ರೂಮ್ ಕೊಡ್ತಿದ್ರು. ಅಕ್ಕಿಮೂಟೆ ಸರಿಸಿ.”

“ಆ ಊರಿನ ಮ್ಯಾನೇಜರೂ ಅದನ್ನೇ ಮಾಡಿದ್ದು ಮಗಳೇ,” ಎಂದು ನಕ್ಕರು. ಅವರು ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ರಾತ್ರಿ ಅಪ್ಪನಿಗೆ ಹೇಳಿದರೆ ಅವರು ಗಂಭೀರವಾಗಿ, ಸ್ಟೋರ್‌ರೂಮಿನಲ್ಲಿ ಗ್ಯಾಸ್ ಸಿಲಿಂಡರ್ ಇದೆ, ಬಾಣಂತಿಗೆ ಸರಿಹೋಗದು ಎಂದರು.

ಅದರ ಮುಂದಿನ ವರ್ಷ ಆ ಮನೆಯನ್ನು ಮೌನ ಹೊಕ್ಕಿತು. ಅಕ್ಕ ಐರೋಲಿಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಜೊತೆಗಿದ್ದ ಭಿವಂಡಿಯ ಮರಾಠಿ ಹುಡುಗನನ್ನು ಮದುವೆಯಾಗುತ್ತೇನೆ ಎಂದು ಗಣೇಶ ಚೌತಿಯ ಹೊತ್ತಿಗೆ ಮನೆಯಲ್ಲಿ ಹೇಳಿದಳು. ಹುಡುಗ ಹಿಂದೂ. ಪೊರ್ಬುಗಳು ಬೈಯಲಿಲ್ಲ, ಹೊಡೆಯಲಿಲ್ಲ, ಮಗಳೊಡನೆ ಮಾತು ಬಿಟ್ಟರು. ಊಟಕ್ಕೆ ಕರೆಯಬೇಕಾದರೂ ಬಾಯಮ್ಮನ ಮೂಲಕ. ಇತ್ತ ಅಕ್ಕನೂ ಅಪ್ಪನ ಮಗಳೇ, ಸೋಲುವ ಜಾತಿಯಲ್ಲ.

ಆದರೆ ತೇರ್ಸ್ ಮುಗಿದ ಮೇಲೆ ಅವಳು ದಿನವೂ ಎದುರಿಗೆ ಬಂದು ನಿಲ್ಲುತ್ತಿದ್ದಳು. “ಬೆಸಾಂವ್ ದೀ ಪಪ್ಪಾ.” ನಾನು ಪುಸ್ತಕದ ಮೇಲಂಚಿನಿಂದ ಅವರ ಕೈಯನ್ನೇ ನೋಡುತ್ತಿದ್ದೆ. ಇವತ್ತು ಏಳುತ್ತದೋ, ಇಲ್ಲವೋ... ಏಳುತ್ತಿತ್ತು. ಎರಡು ಕ್ಷಣ ತಲೆಯ ಮೇಲಿದ್ದು ಇಳಿಯುತ್ತಿತ್ತು. ತುಟಿ ಅಲುಗುತ್ತಿತ್ತು, ಶಬ್ದ ಬರುತ್ತಿರಲಿಲ್ಲ. ಮೂರು ತಿಂಗಳು ಆ ಮನೆಯಲ್ಲಿ ಅಪ್ಪ-ಮಗಳ ನಡುವೆ ಉಳಿದಿದ್ದ ನಂಟು ಅಷ್ಟೇ.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಅಕ್ಕ ಇನ್ನೂ ಬಂದಿರಲಿಲ್ಲ. ಪೊರ್ಬುಗಳು ಗಡಿಯಾರ ನೋಡಿ ಸರಿಯಾಗಿ ಏಳೂವರೆಗೆ ಶುರು ಮಾಡಿದರು. ಐದು ಸುತ್ತು ಮುಗಿಯಿತು, ಅಕ್ಕನ ಸುಳಿವಿಲ್ಲ. ಅವರು ಎದ್ದು ಕಿಟಕಿಯ ಬಳಿ ಹೋಗಿ ಕೆಳಗೆ ನೋಡಿದರು. ಬತ್ತಿ ಆರಿಸುತ್ತಾರೆ ಎಂದು ನಾನು ಪುಸ್ತಕ ಮಡಚಿದೆ. ಅವರು ವಾಪಸು ಬಂದು ಮತ್ತೆ ಮೊಣಕಾಲೂರಿ ಇನ್ನೊಂದು ಸುತ್ತು ಹಿಡಿದರು, ಮೊದಲಿಗಿಂತ ದೊಡ್ಡ ದನಿಯಲ್ಲಿ. ತೀರಿಹೋದ ಅಜ್ಜ-ಅಜ್ಜಿಯರಿಗಾಗಿ ಒಂದು ಸುತ್ತು, ಕಾಯಿಲೆಯವರಿಗಾಗಿ ಒಂದು, ಹಡಗಿನಲ್ಲಿರುವವರಿಗಾಗಿ ಇನ್ನೊಂದು. ಅಕ್ಕನ ತಮ್ಮ ಕಾಲು ಬದಲಿಸಿ ಬದಲಿಸಿ ಸುಸ್ತಾಗಿ ಹಿಮ್ಮಡಿಯ ಮೇಲೆ ಕೂತುಬಿಟ್ಟ. ಬಾಯಮ್ಮ ಎರಡು ಸಲ ಕೆಮ್ಮಿದರು. ರಾತ್ರಿಯ ಪೂಜೆಗೆ ಇಗರ್ಜಿಗೆ ಹೊರಡಬೇಕಿತ್ತು, ಯಾರೂ ಹೊಸ ಬಟ್ಟೆ ಹಾಕಿರಲಿಲ್ಲ. ಅಮ್ಮ ನಮ್ಮ ಬಾಗಿಲಿಗೆ ಬಂದು, ಇದೇನು ಇವತ್ತು ಮುಗಿಯುವುದೇ ಇಲ್ಲವೇ ಎಂದು ಕೈಸನ್ನೆಯಲ್ಲಿ ಕೇಳಿದಳು. ಪೊರ್ಬುಗಳ ಮೊಣಕಾಲಿಗೆ ವಾತ ಬೇರೆ ಇತ್ತು. ಹಣೆಯಲ್ಲಿ ಬೆವರು. ಲೋಕಲ್ ಗಾಡಿಯಲ್ಲಿ ಓಡಾಡುವವರಿಗಾಗಿ ಎಂದು ಮತ್ತೊಂದು ಸುತ್ತು ಹಿಡಿದರು.

ಅದರ ನಡುವೆ ಅಕ್ಕ ಬಾಗಿಲಲ್ಲಿ ಕಾಣಿಸಿಕೊಂಡಳು. ಚಪ್ಪಲಿ ಬಿಟ್ಟು ಸದ್ದಿಲ್ಲದೆ ಬಂದು ತಮ್ಮನ ಪಕ್ಕ ಮೊಣಕಾಲೂರಿದಳು. ಆ ಸುತ್ತು ಮುಗಿದದ್ದೇ ಪೊರ್ಬುಗಳು ಶಿಲುಬೆ ಗುರುತು ಹಾಕಿಕೊಂಡರು. ಅಕ್ಕ ಎದುರಿಗೆ ನಿಂತು ಬೆಸಾಂವ್ ಕೇಳಿದಳು. ಅವರು ಕೈಯಿಟ್ಟರು, ತೆಗೆಯಲಿಲ್ಲ.

“ಗಾಡಿ ಲೇಟ್ ಜಾಲಿಗೀ?” ಎಂದರು. ಗಾಡಿ ತಡವಾಯಿತೇ ಎಂದು.

“ವ್ಹಯ್ ಪಪ್ಪಾ,” ಎಂದಳು ಅಕ್ಕ. ಹೌದು ಪಪ್ಪಾ.

ಮೂರು ತಿಂಗಳ ಮೇಲೆ ಅಪ್ಪ-ಮಗಳು ಆಡಿದ ಮಾತು ಇಷ್ಟೇ. ಬಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು. ನಾನು ಹಸಿದು ಮನೆಗೆ ಓಡಿದೆ. ಮುಂದಿನ ಮೇ ತಿಂಗಳಲ್ಲಿ ಅಕ್ಕನ ಮದುವೆಯಾಯಿತು, ಅದೇ ಹುಡುಗನೊಡನೆ. ಆ ವರ್ಷದ ಕ್ರಿಸ್‌ಮಸ್ಸಿಗೆ ಅವನೂ ಸಂಕೋಚದಿಂದ ಕೈಜೋಡಿಸಿ ಸಾಲಿನಲ್ಲಿ ನಿಂತಿದ್ದ.

ಆಮೇಲೆ ನನಗೂ ಮದುವೆಯಾಗಿ ಘಣಸೋಲಿಗೆ ಬಂದೆ. ಡೊಂಬಿವಲಿಯ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಯಿತು. ಪೊರ್ಬುಗಳು ತೀರಿಕೊಂಡದ್ದು ನನಗೆ ತಿಳಿದದ್ದು ತಿಂಗಳ ಮೇಲೆ. ನಾಚಿಕೆಯಿಂದಲೇ ಐರೋಲಿಯ ಅಕ್ಕನ ಮನೆಗೆ ಹೋದೆ. ಮಾತಿಗೆ ಮಾತು ಬಂದು, ಅಂದು ನಿನ್ನ ಗಾಡಿ ಲೇಟಾಗಿ ನಮಗೆಲ್ಲ ಊಟ ತಡವಾಗಿತ್ತು ಎಂದು ನಗಿಸಲು ನೋಡಿದೆ. ಅವಳು ನಗಲಿಲ್ಲ.

“ಗಾಡಿ ಟೈಮಿಗೇ ಬಂದಿತ್ತು,” ಎಂದಳು. “ನಾನು ಮನೆ ಬಿಟ್ಟು ಹೋಗ್ಲಿಕ್ಕೆ ಹೊರಟಿದ್ದೆ. ಆಫೀಸ್ ಬ್ಯಾಗಲ್ಲಿ ಎರಡು ಜೊತೆ ಬಟ್ಟೆ ಇತ್ತು. ಒಮ್ಮೆ ನಮ್ಮ ಬಾಲ್ಕನಿಯ ಕ್ರಿಸ್‌ಮಸ್ ನಕ್ಷತ್ರ ನೋಡಿ ಹೋಗುವಾ ಅಂತ ಗೇಟಿನವರೆಗೆ ಬಂದೆ. ಪಪ್ಪ ಕಿಟಕಿಗೆ ಬಂದ್ರು. ನನ್ನನ್ನು ನೋಡಿದ್ರು, ನಾನೂ ನೋಡಿದೆ. ಕೆಳಗೆ ಬಂದು ಕರೀತಿದ್ರೆ ಹೋಗಿಯೇ ಬಿಡ್ತಿದ್ದೆ. ಅವರು ಒಳಗೆ ಹೋಗಿ ಮತ್ತೆ ಸುರು ಮಾಡಿದ್ರು. ಎಷ್ಟು ಹೊತ್ತು ಅಂತ ನಿಂತು ಕೇಳ್ತಾ ಇದ್ದೆ, ನಿಲ್ಲಿಸಲೇ ಇಲ್ಲ ಮಾರಾಯ್ತಿ.” ಮತ್ತೆ ಅವಳೇ ಹೇಳಿದಳು: “ಪಪ್ಪನಿಗೆ ನಾನು ಹೇಳಿದ್ದು ಒಂದೇ ಸುಳ್ಳು. ಅದನ್ನೂ ಅವರೇ ಹೇಳಿಕೊಟ್ಟದ್ದು.”

ಅಷ್ಟು ವರ್ಷ ಕಣ್ಣಿಟ್ಟು ನೋಡಿದವಳು ನಾನು. ಅವರು ಗಾಡಿ ಕಾಯುತ್ತಿದ್ದಾರೆ ಎಂದೇ ತಿಳಿದಿದ್ದೆ. ಕ್ರಿಸ್‌ಮಸ್ ಎಂದರೆ ದೇವರು ಮನುಷ್ಯರ ಬಳಿಗೆ ಇಳಿದು ಬಂದ ದಿನ ಎಂದು ಬಾಯಮ್ಮ ಎಷ್ಟೋ ಸಲ ಹೇಳಿದ್ದರು. ಅದು ನನಗೆ ಮಣ್ಣಿನ ಬೊಂಬೆಗಳ ಕಥೆಯಾಗಿತ್ತು. ತಪ್ಪಿ ನಡೆದವರು ತಲೆ ತಗ್ಗಿಸದೆ ಒಳಗೆ ಬರಲು ಒಬ್ಬರು ಹೀಗೆ ದಾರಿ ಮಾಡಿಕೊಡಬಹುದು ಎಂಬುದು ಆ ದಿನ ಅಕ್ಕನ ಸೋಫಾದಲ್ಲಿ ಕೂತಾಗ ಅರ್ಥವಾಯಿತು. ತುಂಬ ಅತ್ತೆ.

ಕರೆಂಟು ಹೋದ ಆ ಸಂಜೆ ಬತ್ತಿಯ ಹೊಗೆ ಕರಗುವವರೆಗೆ ಅಲ್ಲೇ ನಿಂತಿದ್ದೆ. ಅವರನ್ನು ಒಂದು ಪ್ರಶ್ನೆ ಕೇಳಬೇಕಿತ್ತು. ಅಕ್ಕ ಮೇಲೆ ಬರದೇ ಇದ್ದಿದ್ದರೆ ಎಷ್ಟು ಹೊತ್ತು ಹೇಳುತ್ತಿದ್ದಿರಿ ಅಂಕಲ್... ಎದುರುಬಾಗಿಲಲ್ಲೇ ಇದ್ದಾಗ ಇಲ್ಲದ್ದನ್ನೆಲ್ಲ ಕೇಳಿದೆ. ಇದನ್ನು ಕೇಳಲು ಈಗ ಅವರಿಲ್ಲ.