ಮಣ್ಣೆತ್ತಿಗೆ ಹತ್ತಕ್ಕೆ ಮೂರು

ರುದ್ರೇಶ ಮಾಸ್ತರು ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು. ಹುಟ್ಟಿದ್ದು ಮುಂಡಗೋಡ ತಾಲೂಕಿನ ಇಂದೂರಿನಲ್ಲಿ, ಧಾರವಾಡದಲ್ಲಿ ಚಿತ್ರಕಲೆ ಕಲಿತರು, ಹಳಿಯಾಳದ ಕಡೆಯ ನಮ್ಮೂರಿಗೆ ಬಂದು ಅರ್ಧ ಆಯುಷ್ಯ ಕಳೆದರು. ಅಷ್ಟೂ ಕಾಲ ಮಕ್ಕಳಿಂದ ಅವರು ಬರೆಸಿದ್ದು ಒಂದು ಹೂಜಿ, ಪಕ್ಕದಲ್ಲಿ ಬಾಳೆಹಣ್ಣು; ಇಲ್ಲವೇ ಎರಡು ಗುಡ್ಡದ ನಡುವೆ ಸೂರ್ಯ, ಕೆಳಗೆ ಸಮುದ್ರ, ಒಂದು ದೋಣಿ. ಸಮುದ್ರ ಕಾಣದ ಹುಡುಗರೆಲ್ಲ ದೋಣಿ ಬರೆದೇ ಪಾಸಾದರು. ನಾನು ಅದೇ ಶಾಲೆಯಲ್ಲಿ ಕನ್ನಡ ಕಲಿಸುವವನು. ಈ ದೋಣಿಯ ವಿಷಯಕ್ಕೆ ಅವರನ್ನು ಕಾಡಿಸದ ದಿನವಿಲ್ಲ.

ಅವರ ತಲೆ ತಿರುಗಿದ್ದು ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ. ತಮ್ಮನ ಗೋವಿನಜೋಳ ಮಾರಲು ಜೊತೆಗೆ ಹೋದವರು ಮಠದೊಳಗೆ ಇಣುಕಿದರು. ಎಳೆಯ ಸನ್ಯಾಸಿಗಳು ಹಬ್ಬಕ್ಕೆಂದು ಬೆಣ್ಣೆಯಲ್ಲಿ ಹೂ ಮಾಡುತ್ತ ಕುಳಿತಿದ್ದರಂತೆ. ಮರುದಿನ ಸ್ಟಾಫ್ ರೂಮಿನಲ್ಲಿ ನಮಗೆಲ್ಲ ಬಯ್ಗುಳವೇ ಬಯ್ಗುಳ. "ನಮ್ಮ ಹುಡುಗರ ಕೈಯಾಗ ಏನೂ ಇಲ್ಲೇನು? ಕೌದಿ ಹೊಲೀತಾರ, ಬುಟ್ಟಿ ಹೆಣೀತಾರ, ಮಣ್ಣಿನ ಎತ್ತು ಮಾಡ್ತಾರ. ನಾನು ಮೂರ್ಖ, ದೋಣಿ ಬರಸ್ಕೋತ ಕುಂತೇನಿ."

ಕಲೆಯ ಪಠ್ಯಕ್ರಮ ಬದಲಿಸುವ ಬಗ್ಗೆ ತಾಲೂಕಿನ ಶಿಕ್ಷಕರನ್ನು ಕೂಡಿಸಿದಾಗ ಇದನ್ನೇ ಎದ್ದು ನಿಂತು ಹೇಳಿದರು. ಕೆಲವರು ನಕ್ಕರು. ಮೇಲಿನವರು ಮಾತ್ರ, "ಹಂಗಾದ್ರ ನಿಮ್ಮ ಸಾಲ್ಯಾಗ ಮಾಡಿ ತೋರಸ್ರಿ. ಛಲೋ ಆದ್ರ ಎಲ್ಲಾ ಸಾಲಿಗೂ ತರೂಣು" ಎಂದರು. ಮಾಸ್ತರು ಊರಿಗೆ ಬಂದಾಗ ಅವರ ಕಾಲು ನೆಲದ ಮೇಲಿರಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಆ ವರ್ಷ ಭಾನುವಾರ ಬಂದಿತ್ತು. ಶನಿವಾರ ಕೆರೆಯ ಮಣ್ಣು ತರಿಸಿ, ಒಂಬತ್ತನೆಯ ತರಗತಿಯವರಿಂದ ಎತ್ತು ಮಾಡಿಸಿದರು. ವರಾಂಡದ ತುಂಬ ಎತ್ತುಗಳು. ಮಕ್ಕಳು ಹಾಗೆ ನಗುತ್ತ ಕೆಲಸ ಮಾಡಿದ್ದನ್ನು ನಾನು ನಮ್ಮ ಶಾಲೆಯಲ್ಲಿ ಕಂಡಿರಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಮಾಸ್ತರು ಗೆದ್ದಿದ್ದರು.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಪಾಠವೆಂದ ಮೇಲೆ ಅಂಕ ಬೇಡವೇ? ಕೋಡಿಗೆ ಇಷ್ಟು, ಬೆನ್ನ ಮೇಲಿನ ಹಿಣಿಲಿಗೆ ಇಷ್ಟು, ಕಾಲಿಗೆ ಇಷ್ಟು ಎಂದು ಲೆಕ್ಕ ಹಾಕಿದರು. ಚಿತ್ರವಾದರೆ ಹಾಳೆಯ ಮೂಲೆಯಲ್ಲಿ ಬರೆಯಬಹುದು. ಎತ್ತಿಗೆ ಮೂಲೆ ಎಲ್ಲಿಂದ ತರುವುದು? ಮಣ್ಣು ಹಸಿಯಿತ್ತು. ಕೈವಾರದ ಮೊನೆಯಿಂದ ಒಂದೊಂದರ ಪಕ್ಕೆಯ ಮೇಲೂ ಗೀಚುತ್ತ ಹೋದರು. ನಾನು ಅಲ್ಲೇ ನಿಂತು ಚಹಾ ಕುಡಿಯುತ್ತಿದ್ದೆ. ಆ ಎತ್ತುಗಳು ನಾಳೆ ಮನೆಮನೆಯ ಜಗಲಿ ಏರಿ ದೇವರಾಗುತ್ತವೆಂಬುದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಇಬ್ಬರೂ ಚಿಕ್ಕಂದಿನಲ್ಲಿ ಮಣ್ಣೆತ್ತಿಗೆ ಕೈಮುಗಿದು ಬೆಳೆದವರೇ.

ಭಾನುವಾರ ಮಧ್ಯಾಹ್ನ ಸಹನಾಳ ಅಜ್ಜಿ ಶಿವವ್ವ ನಮ್ಮಿಬ್ಬರನ್ನೂ ಹೋಳಿಗೆ ಊಟಕ್ಕೆ ಕರೆದಿದ್ದಳು. ಸಹನಾ ಅದೇ ಒಂಬತ್ತನೆಯ ತರಗತಿಯ ಹುಡುಗಿ. ಹೋಗಿ ನೋಡಿದರೆ, ದೇವರ ಜಗಲಿಯ ಮೇಲೆ ಅಂಗಡಿಯಿಂದ ತಂದ ಜೋಡಿ ಎತ್ತು, ಬಣ್ಣ ಫಳಫಳ ಹೊಳೆಯುತ್ತಿತ್ತು.

"ಈ ಸಲ ಕೊಂಡ ತಂದೇವ್ರಿ ಸರ" ಎಂದಳು ಶಿವವ್ವ, ಏನೋ ತಪ್ಪು ಮಾಡಿದವಳಂತೆ. "ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ಎತ್ತ ಕೊಂಡಿದ್ದಿಲ್ಲ. ಪ್ರತಿ ವರ್ಷ ಈ ಹುಡುಗೀನ ಮಾಡ್ತಿದ್ಲು. ಈ ಸಲ ಮಾಡಿದ್ದನ್ನ ಬಚ್ಚಲ ಕಡೆ ಇಟ್ಟಾಳ. ಯಾಕ ಅಂದ್ರ ಮಾತಾಡವಲ್ಲಳು."

"ಯಾಕವಾ ಸಹನಾ?" ಎಂದರು ಮಾಸ್ತರು.

ಅವಳು ತಲೆ ತಗ್ಗಿಸಿದಳು. "ಅದು ನಪಾಸ ಆಗೇತ್ರಿ ಸರ. ನಪಾಸ ಆದ ಬಸವಣ್ಣನ್ನ ಜಗಲಿ ಮ್ಯಾಲ ಹೆಂಗ ಇಡೂದು?"

ಯಾರು ನಪಾಸು ಮಾಡಿದರೆಂದು ಅವಳು ಹೇಳಲಿಲ್ಲ. ಗುರುಗಳ ಮರ್ಯಾದೆ ಕಾಯ್ದಳು. ಆ ಮರ್ಯಾದೆಯೇ ನಮಗೆ ಕಪಾಳಕ್ಕೆ ಹೊಡೆದಂತಾಯಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ, ಮನೆಯ ಕೈಕೆಲಸವನ್ನು ಶಾಲೆಗೆ ತರುತ್ತೇವೆಂದು ಹೊರಟು ಅದನ್ನು ಮನೆಯಿಂದಲೇ ಎಬ್ಬಿಸಿದ್ದೆವು.

ಮಾಸ್ತರು ಎದ್ದು ಬಚ್ಚಲ ಕಡೆ ಹೋಗಿ ಎತ್ತನ್ನು ತಂದರು. ಗಿಡ್ಡ ಕಾಲು, ಒಂದು ಕೋಡು ತುಸು ಕೆಳಗೆ, ಕಣ್ಣಿಗೆ ಜೋಳದ ಕಾಳು. ಪಕ್ಕೆಯ ಮೇಲೆ ಹತ್ತಕ್ಕೆ ಮೂರು. ಬೆರಳು ಒದ್ದೆ ಮಾಡಿಕೊಂಡು ಅದನ್ನು ತಿಕ್ಕತೊಡಗಿದರು. ಮಣ್ಣು ಒಣಗಿತ್ತು, ಮೇಲಿನ ನುಣುಪು ಹೋಯಿತೇ ಹೊರತು ಗೀಚಿದ್ದು ಹೋಗಲಿಲ್ಲ.

"ಯವ್ವಾ, ಇದನ್ನ ಬರದಾಂವ ನಾನ" ಎಂದರು ಶಿವವ್ವನಿಗೆ. "ದೇವರಿಗೆ ಅಂಕ ಹಾಕೇನಿ. ನನಗ ಬುದ್ಧಿ ಇರಲಿಲ್ಲ. ತಪ್ಪಾತು."

ಶಿವವ್ವ ಎತ್ತನ್ನು ಈಸಿಕೊಂಡು ಜಗಲಿಯ ಮೇಲಿಟ್ಟಳು. ಮಾಸ್ತರು ಸಹನಾಳ ಕಡೆ ತಿರುಗಿದರು. "ನಿನ್ನ ಎತ್ತು ಛಲೋ ಐತವಾ. ಆ ಮೂರು ಸುಳ್ಳು. ಅದನ್ನ ಮರತ ಬಿಡು."

ಹುಡುಗಿಯ ಮುಖ ಒಮ್ಮೆಲೇ ಅರಳಿತು. ನನಗೂ ಉಸಿರು ಬಂದಂತಾಯಿತು. ಅವಳು ಎರಡು ಹೆಜ್ಜೆ ಮುಂದೆ ಬಂದು, ಆಸೆಯಿಂದ ಮಾಸ್ತರ ಮುಖವನ್ನೇ ನೋಡುತ್ತ ಕೇಳಿದಳು:

"ಹಂಗಾರ ಈಗ ಎಷ್ಟ ಕೊಡ್ತೀರಿ ಸರ?"